ದುರ್ಗದ ಆಕಾಶದಲ್ಲಿ ಸಾಲು ದೀಪ, ಕೆಂಪು ದೀಪ, ತಟ್ಟೆ: ನಂಬೋದಾ ಬಿಡೋದಾ?

ಚಂದ್ರವಳ್ಳಿ_ಕೆರೆ (ಪ್ರಶ್ನೆ):

ಚಿತ್ರದುರ್ಗ, ಹಿರಿಯೂರು, ದಾವಣಗೆರೆ ವಾಟ್ಸಾಪ್ ಗುಂಪುಗಳಲ್ಲಿ ಮೂರು ವಿಡಿಯೊ ಸುತ್ತುತ್ತಿವೆ. ಮೂರಕ್ಕೂ ಒಂದೇ ತಲೆಬರಹ, "ಹಾರುವ ತಟ್ಟೆ ಬಂದಿದೆ, ಎಲ್ಲರಿಗೂ ಕಳಿಸಿ".

ಒಂದರಲ್ಲಿ ಸಂಜೆ ಕತ್ತಲಾದ ಮೇಲೆ ಇಪ್ಪತ್ತಕ್ಕೂ ಹೆಚ್ಚು ಚುಕ್ಕಿಗಳು ರೈಲು ಬೋಗಿಗಳ ಹಾಗೆ ವಾಯವ್ಯದಿಂದ ಆಗ್ನೇಯಕ್ಕೆ ಹೋಗುತ್ತವೆ, ನೆತ್ತಿ ದಾಟಿದ ಮೇಲೆ ಒಂದೊಂದಾಗಿ ಆರುತ್ತವೆ. ಸದ್ದಿಲ್ಲ. ಇನ್ನೊಂದರಲ್ಲಿ ಜೋಗಿಮಟ್ಟಿ ಕಡೆ ಮಂಜಿನ ಮೇಲೆ ಕೆಂಪು ದೀಪಗಳು ತೇಲುತ್ತಿವೆ, ಮಿನುಗುತ್ತಿವೆ, ಆದರೆ ಎಲ್ಲಿಗೂ ಹೋಗುತ್ತಿಲ್ಲ. ಮೂರನೆಯದು ಫೋನಿನಲ್ಲಿ ಪೂರ್ತಿ ಝೂಮ್ ಹಾಕಿ ತೆಗೆದದ್ದು: ಬಣ್ಣ ಬದಲಿಸುತ್ತಾ ಉಬ್ಬಿ ಕುಗ್ಗುವ ದುಂಡನೆ ತಟ್ಟೆ.

"ಎಲ್ಲಾ ಸುಳ್ಳು, ಬಿಡಿ" ಅಂತಲೋ "ಅಮೆರಿಕದವರೇ ಒಪ್ಪಿಕೊಂಡಿದ್ದಾರೆ" ಅಂತಲೋ ಉತ್ತರ ಬೇಡ. ಯಾವುದನ್ನು ಹೇಗೆ ಪರೀಕ್ಷಿಸಬೇಕು, ಪರೀಕ್ಷಿಸುವಾಗ ಎಲ್ಲಿ ಎಡವುತ್ತೇವೆ, ತಿಳಿದವರು ಹೇಳಿ.

ಬೆಳ್ಳಿಚುಕ್ಕಿ:

ಮೊದಲನೆಯದು ಸ್ಟಾರ್‌ಲಿಂಕ್, ಅಂದರೆ ಇಂಟರ್ನೆಟ್ ಕೊಡುವ ಉಪಗ್ರಹಗಳ ಸಾಲು. ಒಂದೇ ರಾಕೆಟ್‌ನಲ್ಲಿ ಹತ್ತಾರು ಉಪಗ್ರಹ ಹೋಗುತ್ತವೆ (2019ರ ಮೇ ತಿಂಗಳ ಮೊದಲ ಕಂತಿನಲ್ಲೇ 60 ಇದ್ದವು). ಬಿಟ್ಟ ಮೊದಲ ಕೆಲವು ದಿನ ಸುಮಾರು 300 ಕಿ.ಮೀ. ಎತ್ತರದಲ್ಲಿ ಒತ್ತೊತ್ತಾಗಿ ಸಾಗುತ್ತವೆ. ಆಮೇಲೆ 550 ಕಿ.ಮೀ. ಆಸುಪಾಸಿಗೆ ಏರಿ ಚದುರಿಹೋಗುತ್ತವೆ, ಸಾಲು ಕಾಣುವುದಿಲ್ಲ.

ಇಲ್ಲಿ ನೋಡಬೇಕಾದ್ದು ಸಾಲನ್ನಲ್ಲ, ಆರುವ ಜಾಗವನ್ನು. ಅವುಗಳಿಗೆ ಸ್ವಂತ ದೀಪ ಇಲ್ಲ, ಬಿಸಿಲು ತಾಗಿ ಹೊಳೆಯುತ್ತವೆ. ನಮಗೆ ಸೂರ್ಯ ಮುಳುಗಿ ಒಂದು ಗಂಟೆಯಾದಾಗ ನೆತ್ತಿಯ ಮೇಲೆ ಭೂಮಿಯ ನೆರಳು ಸುಮಾರು 200 ಕಿ.ಮೀ. ತನಕ ಏರಿರುತ್ತದೆ, ಒಂದೂವರೆ ಗಂಟೆಗೆ 450ರ ಹತ್ತಿರ. ಪೂರ್ವದ ಕಡೆ ಇನ್ನೂ ಮೇಲೆ. ಆ ಗೆರೆ ಮುಟ್ಟಿದ ಉಪಗ್ರಹ ಆರುತ್ತದೆ, ಹಿಂದಿನದೂ ಅಲ್ಲಿಗೇ ಬಂದು ಆರುತ್ತದೆ. ವಿಡಿಯೊದಲ್ಲಿ ಎಲ್ಲಾ ಚುಕ್ಕಿಗಳೂ ಹೆಚ್ಚುಕಮ್ಮಿ ಒಂದೇ ನಕ್ಷತ್ರದ ಪಕ್ಕ ಮಾಯವಾದರೆ ತನಿಖೆ ಅಲ್ಲಿಗೆ ಮುಗಿಯಿತು. ರಾತ್ರಿ ಹನ್ನೆರಡಕ್ಕೆ ಇಂಥ ಸಾಲು ಕಂಡೆ ಅಂದರೆ ಮಾತ್ರ ನಾನು ಕಿವಿ ನಿಮಿರಿಸುತ್ತೇನೆ.

ಖಚಿತಪಡಿಸಲು ಉಪಗ್ರಹ ಹಾದುಹೋಗುವ ಸಮಯ ತೋರಿಸುವ ಹೆವನ್ಸ್-ಅಬವ್ ಜಾಲತಾಣ ತೆರೆದು ಜಾಗ ಕೊಡಿ: ಚಿತ್ರದುರ್ಗಕ್ಕೆ 14.23 ಉತ್ತರ, 76.40 ಪೂರ್ವ; ದಾವಣಗೆರೆಗೆ 14.47, 75.92. ಆ ತಾರೀಖಿನ ಪಟ್ಟಿ ತೆಗೆದರೆ ಯಾವುದು ಎಷ್ಟು ಗಂಟೆಗೆ ಯಾವ ದಿಕ್ಕಿನಲ್ಲಿ ಹೋಯಿತು ಅಂತ ಬರುತ್ತದೆ. ಎಡವೋದು ಇಲ್ಲೇ. ಟೈಮ್‌ಝೋನ್ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಉಳಿದಿದ್ದರೆ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ ತೋರಿಸುವ ಪಟ್ಟಿ ಓದಿ "ಆ ಹೊತ್ತಿಗೆ ಯಾವ ಉಪಗ್ರಹವೂ ಇರಲಿಲ್ಲ" ಅಂತ ತೀರ್ಪು ಕೊಟ್ಟುಬಿಡುತ್ತಾರೆ.

ವೇಗ ನೋಡಿ ವಿಮಾನವೋ ಉಪಗ್ರಹವೋ ಹೇಳಲು ಹೋಗಬೇಡಿ. ಚಾಚಿದ ಕೈಯ ಮುಷ್ಟಿ ಹತ್ತು ಡಿಗ್ರಿ ಮರೆಮಾಡುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನೆತ್ತಿಯ ಮೇಲೆ ಒಂದು ಮುಷ್ಟಿ ದಾಟಲು ಸುಮಾರು ಹತ್ತು ಸೆಕೆಂಡ್ ತಗೊಂಡರೆ, ಹತ್ತು ಕಿ.ಮೀ. ಎತ್ತರದ ವಿಮಾನಕ್ಕೆ ಏಳೆಂಟು ಸೆಕೆಂಡ್. ಕಣ್ಣಿಗೆ ಎರಡೂ ಒಂದೇ. ಮಿನುಗುವ ಬಿಳಿ ದೀಪವೋ, ಎಡರೆಕ್ಕೆಯ ಕೆಂಪು, ಬಲರೆಕ್ಕೆಯ ಹಸಿರೋ ಕಂಡರೆ ವಿಮಾನ.

ಮಾರಿಕಣಿವೆ:

ಜೋಗಿಮಟ್ಟಿ ಕೆಂಪು ದೀಪ ನಮ್ಮ ಫ್ಯಾನುಗಳೇ ಕಣ್ರಿ. ಗಾಳಿಯಂತ್ರದ ತಲೆಯ ಮೇಲೆ ವಿಮಾನಗಳಿಗೆ ಎಚ್ಚರಿಕೆಯಾಗಿ ಕೆಂಪು ದೀಪ ಇಟ್ಟಿರ್ತಾರೆ. ಮಳೆಗಾಲದಲ್ಲಿ ಮಂಜು ಗುಡ್ಡವನ್ನೂ ಕಂಬವನ್ನೂ ನುಂಗಿ ದೀಪ ಮಾತ್ರ ಉಳಿಸುತ್ತೆ. ಪರೀಕ್ಷೆ ಸುಲಭ: ವಿಡಿಯೊ ತೆಗೆದ ಜಾಗದಲ್ಲೇ ನಿಂತು, ಅದೇ ಫೋನಿನಿಂದ, ಝೂಮ್ ಬದಲಿಸದೆ ಮಾರನೇ ದಿನ ಹಗಲು ಒಂದು ಫೋಟೊ. ಎರಡನ್ನೂ ಒಂದರ ಮೇಲೊಂದು ಇಟ್ಟರೆ ದೀಪ ಎಷ್ಟು, ಕಂಬ ಎಷ್ಟು ಅಂತ ಲೆಕ್ಕ ಕೂಡುತ್ತೆ. ಹತ್ತು ಹೆಜ್ಜೆ ಆಚೀಚೆ ನಿಂತರೆ ಮುಂದಿನ ಮರ, ಮನೆ ಎಲ್ಲಾ ಸರಿದು ಲೆಕ್ಕ ತಪ್ಪುತ್ತೆ. ದಿಕ್ಸೂಚಿ ಬಳಸೋರು ಬೈಕು, ಕಬ್ಬಿಣದ ಗೇಟಿನಿಂದ ದೂರ ನಿಲ್ಲಿ. ಆಯಸ್ಕಾಂತದ ಫೋನ್ ಕವರ್ ತೆಗೀರಿ, ಅದು ದಿಕ್ಕನ್ನೇ ತಿರುಗಿಸಿಬಿಡುತ್ತೆ.

ಇನ್ನೊಂದು, ನಮ್ಮ ಜಿಲ್ಲೆಯ ವಿಶೇಷ. ಚಳ್ಳಕೆರೆ ಕಡೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪರೀಕ್ಷಾ ವಲಯ ಇದೆ. 2022ರ ಜುಲೈ 1ರಂದು ಅಲ್ಲಿ ಹಾರಿದ್ದು ಬಾಲವಿಲ್ಲದ, ಬರೀ ರೆಕ್ಕೆಯಂತಿರುವ ಚಾಲಕರಹಿತ ವಿಮಾನ. ಕೆಳಗಿಂದ ನೋಡಿದರೆ ಅಪ್ಪಟ ತ್ರಿಕೋನ. ಇಸ್ರೋದ ರೆಕ್ಕೆಯಿರುವ ಮರುಬಳಕೆ ವಾಹನವನ್ನು 2023ರ ಏಪ್ರಿಲ್ 2ರಂದು ಚಿನೂಕ್ ಹೆಲಿಕಾಪ್ಟರ್ 4.5 ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಿತ್ತು, 2024ರಲ್ಲಿ ಮತ್ತೆರಡು ಸಲ ಆಯ್ತು. 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನ ವಡ್ಡಿಕೆರೆ ಹೊಲದಲ್ಲಿ ಬಿದ್ದ ತಪಸ್ ಡ್ರೋನ್ ನೆನಪಿರಬೇಕಲ್ಲ, ಊರೆಲ್ಲಾ ಸುತ್ತ ನಿಂತು ಫೋಟೊ ಹೊಡೆದಿದ್ದೇ ಹೊಡೆದಿದ್ದು. ಇವೆಲ್ಲ ವಿಮಾನ ಎಲ್ಲಿದೆ ಅಂತ ತೋರಿಸೋ ಫ್ಲೈಟ್‌ರಾಡಾರ್ ಆ್ಯಪ್‌ನಲ್ಲಿ ಕಾಣಲೇಬೇಕು ಅಂತಿಲ್ಲ. "ಆ್ಯಪ್‌ನಲ್ಲಿ ಇಲ್ಲ, ಹಂಗಾದ್ರೆ ಅನ್ಯಗ್ರಹದ್ದೇ" ಅನ್ನೋ ತರ್ಕ ಚಳ್ಳಕೆರೆ ಸುತ್ತಮುತ್ತ ನಡೆಯಲ್ಲ.

ಗಣಪತಿ ಮೆರವಣಿಗೆ ಟೈಮಲ್ಲಿ ಮೋಡದ ಮೇಲೆ ದುಂಡಗೆ ಸುತ್ತೋ ಬೆಳಕು ಕಂಡರೆ ಅದು ಡಿಜೆಯವರ ಶಾರ್ಪಿ ಲೈಟ್. ಕೆಳಗಿಂದ ಏರೋ ಬೆಳಕಿನ ಕೋಲು ಕಾಣಲ್ಲ, ಮೋಡಕ್ಕೆ ಬಡಿದ ಬೊಟ್ಟು ಮಾತ್ರ ಕಾಣುತ್ತೆ. ಅದೇ ದಾರಿಯಲ್ಲಿ ಮತ್ತೆ ಮತ್ತೆ ಸುತ್ತುತ್ತಾ ಇದೆಯಾ ನೋಡಿ, ಸಾಕು.

ಲೆನ್ಸ್_ಒರೆಸಿ:

ಮೂರನೇ ವಿಡಿಯೊದ ತಟ್ಟೆ ಆಕಾಶದಲ್ಲಿಲ್ಲ, ಫೋನಿನೊಳಗಿದೆ.

ಕತ್ತಲಲ್ಲಿ ಒಂಟಿ ಚುಕ್ಕಿಗೆ ಫೋಕಸ್ ಹಿಡಿಯಲು ಫೋನಿಗೆ ಆಗೋದಿಲ್ಲ. ಹಿಂದೆ ಮುಂದೆ ತಡಕಾಡುತ್ತದೆ. ಫೋಕಸ್ ತಪ್ಪಿದ ಚುಕ್ಕಿ ಹರಡಿ, ಬೆಳಕು ಒಳಬರುವ ಕಿಂಡಿಯ ಆಕಾರ ತಾಳುತ್ತದೆ. ಫೋನಿನ ಕಿಂಡಿ ದುಂಡು, ಅದಕ್ಕೇ ತಟ್ಟೆ. ತಡಕಾಟವೇ ಉಬ್ಬುವುದು, ಕುಗ್ಗುವುದು. ದಿಗಂತದ ಹತ್ತಿರದ ನಕ್ಷತ್ರವಾದರೆ ದಪ್ಪ ಗಾಳಿಯಲ್ಲಿ ಬಣ್ಣವೂ ಕುಣಿಯುತ್ತದೆ, ಲುಬ್ಧಕ (ಸಿರಿಯಸ್ ನಕ್ಷತ್ರ) ಇದರಲ್ಲಿ ಎತ್ತಿದ ಕೈ. ಅಮೆರಿಕ ನೌಕಾಪಡೆಯ ಹೆಸರಾಂತ "ತ್ರಿಕೋನ" ವಿಡಿಯೊ ಕೂಡ ಇದೇ ಜಾತಿಯದು. ರಾತ್ರಿ ದೃಷ್ಟಿಯ ದುರ್ಬೀನಿನಿಂದ ಹಾದ ಬೆಳಕನ್ನು ಕ್ಯಾಮೆರಾ ಹಿಡಿದಾಗ ಆ ಆಕಾರ ಬಂತು ಅಂತ 2022ರ ಮೇನಲ್ಲಿ ಅವರ ಸಂಸತ್ತಿನ ವಿಚಾರಣೆಯಲ್ಲೇ ಅಧಿಕಾರಿಗಳು ಹೇಳಿದರು.

ಮುಂದಿನ ಸಲ ಹೀಗೆ ಹಿಡಿಯಿರಿ. ಲೆನ್ಸ್ ಒರೆಸಿ (ಬೆಣ್ಣೆದೋಸೆ ತಿಂದ ಕೈಯಾದರೆ ಎರಡು ಸಲ). ಪ್ರೊ ಮೋಡ್‌ಗೆ ಹೋಗಿ ಫೋಕಸ್ ಅನಂತಕ್ಕೆ ಇಡಿ, ಝೂಮ್ 1ರಲ್ಲೇ ಇರಲಿ. ಫೋನನ್ನು ಟ್ರೈಪಾಡ್‌ಗೋ ಕಾಂಪೌಂಡ್ ಗೋಡೆಗೋ ಆನಿಸಿ. ಪ್ರಖರ ಚುಕ್ಕಿಗೆ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100, ಶಟರ್ (ಬೆಳಕು ಒಳಬಿಡುವ ಹೊತ್ತು) 1/250 ಸೆಕೆಂಡ್. ಆಗಲೂ ಚುಕ್ಕಿಯಾಗಿಯೇ ಉಳಿದರೆ ಅದು ಚುಕ್ಕಿಯೇ. ಚಲಿಸುವುದಕ್ಕೆ ಐಎಸ್‌ಒ 800, ಶಟರ್ 8 ಸೆಕೆಂಡ್. ಉಪಗ್ರಹ ಒಂದೇ ಗೆರೆ ಎಳೆಯುತ್ತದೆ, ವಿಮಾನದ ಗೆರೆಯಲ್ಲಿ ಮಿನುಗು ದೀಪದ ಹೊಲಿಗೆ ಬೀಳುತ್ತದೆ. ಚೌಕಟ್ಟಿನೊಳಗೆ ಕಂಬವೋ ತೆಂಗಿನ ಗರಿಯೋ ಇರಲೇಬೇಕು, ಇಲ್ಲದಿದ್ದರೆ ಚಲಿಸಿದ್ದು ದೀಪವೋ ಕೈಯೋ ಹೇಳಲಾಗದು.

ಬೀದಿದೀಪ ಚೌಕಟ್ಟಿನಲ್ಲಿದ್ದರೆ ಒಂದು ಅನುಮಾನ ಇಟ್ಟುಕೊಳ್ಳಿ. ಅದರ ಪ್ರತಿಫಲನ ಚಿತ್ರದ ನಡುಬಿಂದುವಿನ ಆಚೆ ಬದಿಗೆ, ನೇರ ಎದುರಿಗೆ ಬೀಳುತ್ತದೆ. ಫೋನ್ ಸ್ವಲ್ಪ ಅಲ್ಲಾಡಿಸಿ: ಬೀದಿದೀಪ ಒಂದು ಕಡೆ ಸರಿದರೆ "ತಟ್ಟೆ" ವಿರುದ್ಧ ದಿಕ್ಕಿಗೆ ಓಡುತ್ತದೆ.

ಬೆಣ್ಣೆ_ಖಾಲಿದೋಸೆ:

ಎಲ್ಲಾದಕ್ಕೂ ಒಂದೊಂದು ಉತ್ತರ ಇಟ್ಕೊಂಡೇ ಕೂತೀರಲ್ರಿ! ಹಿಂದೆ ಕೊಳ್ಳಿದೆವ್ವ ಅಂತಿದ್ರು, ಈಗ ಸ್ಟಾರ್‌ಲಿಂಕ್ ಅಂತೀರಿ, ಅಷ್ಟೇ. 2023ರ ನವೆಂಬರ್ 19ಕ್ಕೆ ಏನೋ ವಸ್ತು ಹಾರ್ತಿದೆ ಅಂತ ಇಂಫಾಲ ವಿಮಾನ ನಿಲ್ದಾಣ ಗಂಟೆಗಟ್ಟಲೆ ನಿಲ್ಲಿಸಿದ್ರಲ್ಲ, ರಫೇಲ್ ಯುದ್ಧವಿಮಾನ ಕಳಿಸಿದ್ರಲ್ಲ, ಅದಕ್ಕೇನಂತೀರಿ? ಅದೂ ಶುಕ್ರ ಗ್ರಹ ಅಂತೀರಾ? ಸೈನ್ಯದೋರಿಗೂ ಶುಕ್ರ ಗೊತ್ತಾಗಲ್ವಾ?

ಬೆಳ್ಳಿಚುಕ್ಕಿ:

ಇಂಫಾಲದ ವಸ್ತು ಏನಂತ ಗೊತ್ತಾಗಲಿಲ್ಲ, ರಫೇಲ್‌ಗಳಿಗೆ ಏನೂ ಸಿಗಲಿಲ್ಲ. "ಗುರುತಿಸಲಾಗದ ಹಾರುವ ವಸ್ತು" ಅಂದರೆ ಅಷ್ಟೇ ಅರ್ಥ. ಅದನ್ನು ಗುರುತಿಸಲಾಗಿಲ್ಲ ಅಂತ ಬಿಡೋದೇ ಸರಿ. ಶುಕ್ರ ಅನ್ನೋದೂ ತಪ್ಪು, ಅನ್ಯಗ್ರಹದವರು ಅನ್ನೋದೂ ತಪ್ಪು.

ಸೈನ್ಯದ ಮಾತು ಬಂತಲ್ಲ, ಲಡಾಖ್ ಗಡಿಯಲ್ಲಿ 2012–13ರಲ್ಲಿ ಚೀನಾದ ಬೇಹು ಡ್ರೋನ್ ಅಂತ ತಿಂಗಳುಗಟ್ಟಲೆ ದಾಖಲಿಸಿದ್ದ ಬೆಳಕುಗಳನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಪರಿಶೀಲಿಸಿ ಗುರು, ಶುಕ್ರ ಅಂತ ಹೇಳಿದರು. ಸೈನಿಕರ ಕಣ್ಣು ಕೆಟ್ಟಿರಲಿಲ್ಲ. ಕತ್ತಲಲ್ಲಿ ಒಂಟಿ ಚುಕ್ಕಿಯನ್ನೇ ದಿಟ್ಟಿಸಿದರೆ ಸ್ವಲ್ಪ ಹೊತ್ತಿಗೆ ಅದು ಅಲೆದಾಡುವಂತೆ ಕಾಣುತ್ತದೆ, ಎಂಥ ಕಣ್ಣಿಗೂ. ಗೋಡೆಯ ಅಂಚಿಗೆ ಚುಕ್ಕಿಯನ್ನು ಹೊಂದಿಸಿ, ತಲೆಯನ್ನೂ ಆನಿಸಿ ಹದಿನೈದು ನಿಮಿಷ ನೋಡಿ. ಗ್ರಹವಾದರೆ ಅಷ್ಟರಲ್ಲಿ ನಾಲ್ಕು ಡಿಗ್ರಿಯಷ್ಟು, ಎರಡು ಬೆರಳಗಲ, ಪಡುವಣಕ್ಕೆ ಜಾರಿರುತ್ತದೆ. ಶುಕ್ರ ಸೂರ್ಯನಿಂದ 47 ಡಿಗ್ರಿಗಿಂತ ದೂರ ಹೋಗುವುದಿಲ್ಲ, ಹಾಗಾಗಿ ನಡುರಾತ್ರಿಯ ಬೆಳಕನ್ನು ಶುಕ್ರನ ತಲೆಗೆ ಕಟ್ಟುವುದೂ ಸೋಮಾರಿತನವೇ.

ಅಮೆರಿಕದ ವಾಯುಪಡೆ ಹಾರುವ ತಟ್ಟೆ ವರದಿಗಳ ತನಿಖೆಯ ಬ್ಲೂ ಬುಕ್ ಯೋಜನೆಯನ್ನು 1969ರಲ್ಲಿ ಮುಚ್ಚಿದಾಗ 12,618 ವರದಿಗಳಲ್ಲಿ 701 ಬಗೆಹರಿಯದೆ ಉಳಿದಿದ್ದವು. ಬಗೆಹರಿದಿಲ್ಲ ಅಂದ ಮಾತ್ರಕ್ಕೆ ಆ 701 ಅನ್ಯಗ್ರಹದ್ದು ಅಂತಲೂ ಅಲ್ಲ, ಸುಳ್ಳು ಅಂತಲೂ ಅಲ್ಲ. ನಾಸಾ ಸಮಿತಿ 2023ರ ವರದಿಯಲ್ಲಿ ಹೇಳಿದ ದೊಡ್ಡ ದೂರು ಕೂಡ ದತ್ತಾಂಶ ಕಳಪೆ ಅನ್ನೋದೇ.

ಮಾರಿಕಣಿವೆ:

ಬೆಂಕಿಯುಂಡೆ ಬಗ್ಗೆ ಯಾರೂ ಹೇಳಲಿಲ್ಲ. ಉಲ್ಕೆಯಾದರೆ ಕೆಲವೇ ಸೆಕೆಂಡ್, "ಅಗೋ" ಅನ್ನೋದರೊಳಗೆ ಮುಗೀತು. ಅರ್ಧ ನಿಮಿಷಕ್ಕಿಂತ ಹೆಚ್ಚು ಹೊತ್ತು, ಚೂರುಚೂರಾಗಿ, ಎಲ್ಲಾ ಚೂರೂ ಒಂದೇ ದಿಕ್ಕಿಗೆ ಹೋದರೆ ರಾಕೆಟ್ ಅವಶೇಷ. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರದವರಿಗೆ ಕಂಡಿದ್ದು ಅದೇ, ಚೀನಾ ರಾಕೆಟ್‌ದು. ಚಂದ್ರಾಪುರ ಜಿಲ್ಲೆಯ ಹಳ್ಳಿಯಲ್ಲಿ ದೊಡ್ಡ ಲೋಹದ ಬಳೆ ಬಿದ್ದಿತ್ತು. ಶ್ರೀಹರಿಕೋಟ ನಮಗೆ ಪೂರ್ವಕ್ಕೆ ಸುಮಾರು 415 ಕಿ.ಮೀ. ಸಂಜೆ ಅಥವಾ ನಸುಕಿನ ಉಡಾವಣೆಯಾದರೆ ಪೂರ್ವದಲ್ಲಿ ಒಂದು ಮುಷ್ಟಿ ಎತ್ತರದಲ್ಲಿ ಬೆಳಕು ಏರುವುದು ಕಾಣಬಹುದು. ಇಸ್ರೋ ವೇಳಾಪಟ್ಟಿ ಮೊದಲೇ ನೋಡ್ಕೊಳ್ಳಿ.

ಚಂದ್ರವಳ್ಳಿ_ಕೆರೆ:

ಗುಂಪಿನಲ್ಲಿ ಹಾಕಲು ಒಂದು ಮಾದರಿ ಕೊಡಿ. ಏನು ಬರೆದು ಕಳಿಸಿದರೆ ನಿಮ್ಮಂಥವರಿಗೆ ಕೆಲಸಕ್ಕೆ ಬರುತ್ತದೆ?

ಲೆನ್ಸ್_ಒರೆಸಿ:

ಇಷ್ಟು ಸಾಕು: "ತಾರೀಖು, ಸಂಜೆ 7:22ರಿಂದ 7:26. ಚಂದ್ರವಳ್ಳಿ ಕೆರೆ ಏರಿ. ವಾಯವ್ಯದಲ್ಲಿ ಎರಡು ಮುಷ್ಟಿ ಎತ್ತರದಲ್ಲಿ ಶುರು, ಆಗ್ನೇಯದಲ್ಲಿ ಐದು ಮುಷ್ಟಿ ಎತ್ತರದಲ್ಲಿ ಆರಿತು. ಮಿನುಗಲಿಲ್ಲ. ಸದ್ದಿಲ್ಲ. ಆಕಾಶ ಶುಭ್ರ." ಗಂಟೆಯನ್ನು ನೆನಪಿನಿಂದ ಬರೆಯಬೇಡಿ, ಫೈಲಿನ ವಿವರದಿಂದ ತೆಗೆಯಿರಿ. ವಿಡಿಯೊವನ್ನು ವಾಟ್ಸಾಪ್‌ನಲ್ಲಿ ಹಾಗೇ ಕಳಿಸಿದರೆ ಅದು ಕುಗ್ಗಿಸಿ, ತೆಗೆದ ಸಮಯದ ವಿವರವನ್ನೂ ಕಳೆದುಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಹಿಂದೆ ಹಾಡು ಸೇರಿಸಿದ್ದನ್ನು ಕಳಿಸಲೇಬೇಡಿ, ಸದ್ದು ಇತ್ತೋ ಇಲ್ಲವೋ ಮೂಲ ವಿಡಿಯೊದಲ್ಲೇ ಗೊತ್ತಾಗಬೇಕು.