ತಾತನ ಸಿಬಿಲ್ ಸ್ಕೋರ್

ಭಾನುವಾರ ಬೆಳಿಗ್ಗೆ ನಮ್ಮ 'ಪಾಂಡವಪುರ ಮನೆ ಬಳಗ' ಗುಂಪಿಗೆ ಚಿಕ್ಕಪ್ಪ ಒಂದು ಫಾರ್ವರ್ಡ್ ಹಾಕಿದರು.

"ಎಚ್ಚರ!! ಇನ್ಮೇಲೆ ಕರೆಂಟ್ ಬಿಲ್, ಮನೆ ಬಾಡಿಗೆ ಒಂದು ದಿನ ತಡವಾದ್ರೂ ಸಿಬಿಲ್ ಸ್ಕೋರ್ ಢಮಾರ್! ಎಲ್ಲರಿಗೂ ಕಳಿಸಿ."

ಕೆಳಗೆ ತಮ್ಮದೇ ಒಂದು ಸಾಲು ಸೇರಿಸಿದ್ದರು: "ಬಾಡಿಗೆ ಮನೇಲಿರೋರು ಜೋಪಾನ." ಬಳಗದಲ್ಲಿ ಬಾಡಿಗೆ ಮನೆಯಲ್ಲಿರುವುದು ಮಂಡ್ಯದ ಶೋಭತ್ತೆ ಒಬ್ಬರೇ. ಅದು ಎಲ್ಲರಿಗೂ ಗೊತ್ತು.

ಬ್ಯಾಂಕಿನಲ್ಲಿರುವ ನನ್ನ ತಂಗಿ ಶ್ರುತಿ ತಕ್ಷಣ ಕೇಳಿದಳು: "ಚಿಕ್ಕಪ್ಪ, ಇದು ಎಲ್ಲಿ ಬಂದಿದ್ದು? ಲಿಂಕ್ ಕೊಡಿ."

"ವಾಕಿಂಗ್ ಗುಂಪಲ್ಲಿ ಬಂತಮ್ಮ. ಹಾಕಿದವರು ರಿಟೈರ್ಡ್ ಇಂಜಿನಿಯರ್ರು."

ಅಲ್ಲಿಗೆ ಸಾಕ್ಷಿ ಮುಗಿಯಿತು.

ಶ್ರುತಿ ಬಿಡುವವಳಲ್ಲ. ಉದ್ದಕ್ಕೆ ಬರೆದಳು. ಪೂರ್ತಿ ಓದಿದ್ದು ಬಹುಶಃ ನಾನೊಬ್ಬನೇ. ಸಾಲ ಕೊಡುವ ಮುನ್ನ ಬ್ಯಾಂಕಿನವರು ನೋಡುವ ಈ ಸ್ಕೋರ್ 300ರಿಂದ 900ರವರೆಗೆ ಇರುತ್ತದೆ, ಅದು ಮುಖ್ಯವಾಗಿ ನಿಂತಿರುವುದು ಸಾಲ ಮತ್ತು ಕ್ರೆಡಿಟ್ ಕಾರ್ಡ್ ಕಟ್ಟಿದ ಲೆಕ್ಕದ ಮೇಲೆ. ಸಾಲವನ್ನೇ ಮಾಡದವರಿಗೆ ಸ್ಕೋರೇ ಇಲ್ಲ. ಸ್ಕೋರ್ ಇಲ್ಲ ಅಂತ ಸಾಲ ಸಿಗುವುದು ಕಷ್ಟ, ಸಾಲ ಸಿಗಲಿಲ್ಲ ಅಂತ ಸ್ಕೋರ್ ಹುಟ್ಟುವುದಿಲ್ಲ. ಅಮೆರಿಕದಲ್ಲೇ ಇಂಥವರು ಲಕ್ಷಗಟ್ಟಲೆ ಇದ್ದಾರೆ. 2019ರಲ್ಲಿ ಜನರ ಸಾಲದ ಲೆಕ್ಕ ಇಡುವ ಎಕ್ಸ್‌ಪೀರಿಯನ್ ಕಂಪನಿ ಅಲ್ಲಿ 'ಬೂಸ್ಟ್' ಅಂತ ಶುರು ಮಾಡಿತು. ನಾವು ಒಪ್ಪಿದರೆ ಫೋನು, ಕರೆಂಟು ಬಿಲ್ ಕಟ್ಟಿದ್ದನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ, ಅದೂ ಸರಿಯಾಗಿ ಕಟ್ಟಿದ್ದನ್ನು ಮಾತ್ರ. ನಮ್ಮಲ್ಲಿ ಅದೇ ಥರದ್ದಲ್ಲ, ಆದರೆ 2021ರಿಂದ 'ಅಕೌಂಟ್ ಅಗ್ರಿಗೇಟರ್' ವ್ಯವಸ್ಥೆ ಇದೆ. ನಮ್ಮ ಒಪ್ಪಿಗೆ ಪಡೆದು ಖಾತೆಯ ವಹಿವಾಟನ್ನು ಸಾಲ ಕೊಡುವವರಿಗೆ ತಲುಪಿಸುತ್ತದೆ. ಅಂದರೆ ಹೊರಗೆ ಉಳಿದವರನ್ನು ಒಳಗೆ ಸೇರಿಸುವ ವಿಷಯವನ್ನು ಫಾರ್ವರ್ಡ್ ಮಾಡಿದವರು ಗುಮ್ಮ ಮಾಡಿಟ್ಟಿದ್ದರು.

ದೊಡ್ಡಪ್ಪ ಬಂದರು. "ಸಾಲ ಸುಲಭ ಆದಷ್ಟೂ ಜನ ಕೆಡ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು." ಕುವೆಂಪುನಗರದ ಅವರ ಮನೆ ಎದ್ದಿದ್ದೇ ಗೃಹಸಾಲದಲ್ಲಿ. ಅದನ್ನು ಹೇಳುವ ಧೈರ್ಯ ಯಾರಿಗಿದೆ? ಎಲ್ಲರೂ ಕೈಮುಗಿಯುವ ಚಿತ್ರ ಹಾಕಿದರು.

ಅವರ ಮಗ ರವಿ ತಮಾಷೆ ಶುರು ಮಾಡಿದ. "ಗೃಹಜ್ಯೋತಿ ಬಂದ ಮೇಲೆ ನಮ್ಮ ಬಿಲ್ಲೇ ಸೊನ್ನೆ. ಸ್ಕೋರೂ ಸೊನ್ನೆನಾ? ಪಾಂಡವಪುರದ ಬಿಲ್ ಇನ್ನೂ ತಾತನ ಹೆಸರಲ್ಲೇ ಬರ್ತಿದೆ. ತಾತನಿಗೆ 900 ಆಗಿರ್ಬೇಕು!"

ಇಡೀ ಚರ್ಚೆಯಲ್ಲಿ ತೂಕದ ಮಾತು ಅಂದರೆ ಇದೇ. ನಮ್ಮ ಕಡೆ ಬಿಲ್ ಕಟ್ಟುವವರೊಬ್ಬರು, ಕರೆಂಟ್ ಮೀಟರಿನ ಆರ್.ಆರ್. ನಂಬರ್ ಇರುವುದು ಇನ್ನೊಬ್ಬರ ಹೆಸರಲ್ಲಿ. ಬಾಡಿಗೆದಾರರು ಶ್ರದ್ಧೆಯಿಂದ ಕಟ್ಟಿದ್ದೆಲ್ಲ ಓನರ್ ಲೆಕ್ಕಕ್ಕೆ ಹೋದರೆ ಏನು ಬಂತು? ಆದರೆ ಯಾರಿಗೂ ಅದು ಬೇಕಾಗಿರಲಿಲ್ಲ.

"ಹೆಸರು ಬದಲಾಗಿಲ್ಲ ಅಂತ ಯಾರಿಗೆ ಚುಚ್ತಿದೀಯಾ?" ಎಂದರು ಚಿಕ್ಕಪ್ಪ. "ಮನೆ ಖಾತೆ ಮಾಡಿಸೋಕೆ ನಾನು ರೆಡಿ ಇದ್ದೆ. ಸಹಿ ಹಾಕೋಕೆ ಯಾರು ಬರಲಿಲ್ಲ ಅಂತ ಊರಿಗೇ ಗೊತ್ತು."

"ಸಹಿ ಅಂದ್ರೆ ನೆನಪಾಯ್ತು ಚಿಕ್ಕಪ್ಪ. ನಿಮ್ಮ ಟೆಂಪೋ ಸಾಲಕ್ಕೆ ಜಾಮೀನು ಸಹಿ ಹಾಕಿದ್ದು ನಾನು. ಆಮೇಲೆ ನನ್ನ ಕಾರ್ ಲೋನ್ ಏನಾಯ್ತು ಗೊತ್ತಲ್ವಾ?" ಎಂದ ರವಿ.

"ಸಾಲ ಕಟ್ಟದಿದ್ರೆ ಜಾಮೀನುದಾರರ ವರದಿಗೂ ಬರುತ್ತೆ" ಎಂದು ಶ್ರುತಿ ವಿವರಿಸಲು ಹೋದಳು. ಈ ಹೊತ್ತಿನಲ್ಲಿ ಬೇಕಿತ್ತಾ?

ಅಷ್ಟರಲ್ಲಿ ನ್ಯೂಜೆರ್ಸಿಯ ಗಿರೀಶ ಆಲೆಮನೆಯ ಫೋಟೋ ಹಾಕಿದ. "ತಾತನ ಜೊತೆ ಶೆಟ್ಟರ ಅಂಗಡಿಗೆ ಹೋಗ್ತಿದ್ದಿದ್ದು ನೆನಪಿದ್ಯಾ? ಕಬ್ಬಿನ ದುಡ್ಡು ಬಂದ ಮೇಲೆ ಲೆಕ್ಕ. ಕೈಗೊಂದು ಬೆಲ್ಲದ ಚೂರು ಕೊಡೋರು. ಯಾವ ಸ್ಕೋರ್ ಇತ್ತು ಆಗ?" ಹೃದಯಗಳ ಸುರಿಮಳೆಯಾಯಿತು.

ಇತ್ತಲ್ಲ, ಶೆಟ್ಟರ ವಹಿ ಪುಸ್ತಕವೇ ಸ್ಕೋರು. ಕಬ್ಬಿನ ಬಾಕಿ ತಡವಾದರೆ ತಾತನೂ ತಡ ಮಾಡುತ್ತಾರೆ, ಆದರೆ ಮೋಸ ಮಾಡುವುದಿಲ್ಲ ಎಂದು ಶೆಟ್ಟರಿಗೆ ಗೊತ್ತಿತ್ತು. ಬಿಲ್ಲಿನ ಕೊನೆ ದಿನಾಂಕವನ್ನಷ್ಟೇ ನೋಡುವ ಕಂಪ್ಯೂಟರಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ತಡವನ್ನೂ ಎಣಿಸುವ ದಿನ ಬಂದರೆ ಮೊದಲ ಏಟು ಬೀಳುವುದು ನಮ್ಮ ಮಂಡ್ಯದ ರೈತರಿಗೇ. ಚಿಕ್ಕಪ್ಪನ ಭಯದಲ್ಲಿ ಅಷ್ಟು ಹುರುಳಿದೆ, ಅದನ್ನೂ ಯಾರೂ ಕೇಳಲಿಲ್ಲ.

ಟೆಂಪೋಗೂ ಆಲೆಮನೆಗೂ ನಡುವೆ ಶೋಭತ್ತೆಯ ಮೆಸೇಜ್ ಸಿಕ್ಕಿಕೊಂಡಿತ್ತು. "ನಂದೊಂದು ಡೌಟು. ಬಾಡಿಗೆ ತಪ್ಪದೆ ಫೋನಲ್ಲೇ ಕಳಿಸ್ತಿದೀನಿ. ಅದನ್ನ ತೋರಿಸಿದ್ರೆ ಚಕ್ಕುಲಿ ಮೆಷಿನ್ನಿಗೆ ಸಾಲ ಕೊಡ್ತಾರಾ?" ಅತ್ತೆ ಮನೆಯಲ್ಲೇ ಕೋಡುಬಳೆ, ನಿಪ್ಪಟ್ಟು ಮಾಡಿ ಅಂಗಡಿಗಳಿಗೆ ಹಾಕುತ್ತಾರೆ. ಈವರೆಗೆ ಒಂದು ರೂಪಾಯಿ ಸಾಲ ಮಾಡಿದವರಲ್ಲ. ಒಬ್ಬರೂ ಉತ್ತರ ಕೊಡಲಿಲ್ಲ.

ಸಂಜೆ ಶ್ರುತಿಯೇ ಅತ್ತೆಗೆ ಫೋನ್ ಮಾಡಿದಳು. ಬಾಡಿಗೆ ಒಂದೇ ಸಾಲದು, ಅಂಗಡಿಯವರು ಕೊಡುವ ದುಡ್ಡನ್ನೂ ಖಾತೆಗೇ ಹಾಕಿಸಿಕೊಳ್ಳಿ ಎಂದಳು. ಮುದ್ರಾ ಯೋಜನೆಯ ಶಿಶು ಸಾಲ 50,000 ರೂಪಾಯಿವರೆಗೆ ಇದೆ, ಅಡಮಾನ ಬೇಡ ಎಂದಳು. ಖಾತೆಯ ವಹಿವಾಟು ತೋರಿಸಲು ಒಪ್ಪಿಗೆ ಕೊಡುವ ಮುನ್ನ ಯಾವ ಮಾಹಿತಿ, ಎಷ್ಟು ದಿನಕ್ಕೆ ಎಂದು ಓದಿ ನೋಡಿ ಅಂತಲೂ ಹೇಳಿದಳು.

ಅತ್ತೆ ಎಲ್ಲವನ್ನೂ ಬರೆದುಕೊಂಡರಂತೆ. ಆಮೇಲೆ ಹೇಳಿದರಂತೆ: "ಇದನ್ನ ಗುಂಪಲ್ಲಿ ಮಾತ್ರ ಹಾಕ್ಬೇಡ ಕಣೇ. ನಂಗೆ ಸಾಲ ಸಿಕ್ತು ಅಂದ್ರೆ ನಿಮ್ಮ ಚಿಕ್ಕಪ್ಪ ಮಾರನೇ ದಿನವೇ ಕೈಸಾಲಕ್ಕೆ ಬರ್ತಾನೆ."