ಯುಟಿಲಿಟಿಗೆ ಯಾವ ನೆಲ ಹಾಕಿಸಲಿ?

ಪ್ರಶ್ನೆ: ಸರ್, ತುಮಕೂರಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಅಡುಗೆಮನೆ ಹಿಂದೆ 5 ಅಡಿ ಅಗಲ, 8 ಅಡಿ ಉದ್ದದ ಯುಟಿಲಿಟಿ ಇದೆ. ವಾಷಿಂಗ್ ಮಷಿನ್, ಒಗೆಯುವ ಕಲ್ಲು ಎರಡೂ ಅಲ್ಲೇ. ಹಾಲ್‌ಗೆ ತಂದ ಪಾಲಿಶ್ ವಿಟ್ರಿಫೈಡ್ ಟೈಲ್ಸ್ ಉಳಿದಿವೆ, ಸುಮ್ನೆ ಅದನ್ನೇ ಹಾಕಿಸೋಣ ಅಂತಾರೆ ನಮ್ಮ ಮನೆಯವರು. ಅತ್ತೆಗೆ ಶಹಾಬಾದ್ ಕಲ್ಲೇ ಆಗಬೇಕಂತೆ. ಯಾವುದು ಬಾಳಿಕೆ ಬರುತ್ತದೆ?

ಉತ್ತರ: ಉಳಿದ ಟೈಲ್ಸ್ ಬೇಡ ಮೇಡಂ. ಗಟ್ಟಿ ಇಲ್ಲ ಅಂತಲ್ಲ. ಸೋಪಿನ ನೀರು ಚೆಲ್ಲಿದ ಪಾಲಿಶ್ ಟೈಲ್ಸ್ ಮೇಲೆ ಒದ್ದೆ ಬಟ್ಟೆಯ ಬಕೆಟ್ ಎತ್ತಿಕೊಂಡು ಓಡಾಡುವವರು ನೀವು, ಅತ್ತೆಯವರು, ಅಲ್ವಾ? ಮ್ಯಾಟ್ ಫಿನಿಶ್‌ನ, ಕಾಲು ಜಾರದ ಆಂಟಿ-ಸ್ಕಿಡ್ ವಿಟ್ರಿಫೈಡ್ ತನ್ನಿ. ಒಂದಡಿ ಚೌಕದ್ದು ಸಾಕು. ದೊಡ್ಡ ಟೈಲ್ಸ್ ಹಾಕಿದರೆ ನಾಲ್ಕೂ ಕಡೆಯಿಂದ ನೀರು ಹೊರಹೋಗುವ ಟ್ರ್ಯಾಪ್ ಕಡೆಗೆ ವಾಟ, ಅಂದರೆ ಇಳಿಜಾರು, ಕೊಡುವುದು ಕಷ್ಟ. ಗೋಡೆಗೆ ಹಾಕುವ ಟೈಲ್ಸ್ ಅಗ್ಗಕ್ಕೆ ಸಿಕ್ಕಿತು ಅಂತ ನೆಲಕ್ಕೆ ಹಾಕಬೇಡಿ. ಅದು ನೀರು ಕುಡಿಯುತ್ತದೆ, ಭಾರ ತಡೆಯುವುದಿಲ್ಲ.

ಶಹಾಬಾದ್ ಕಲ್ಲೂ ಒಳ್ಳೆಯದೇ. ಆದರೆ ಅದು ಸುಣ್ಣಕಲ್ಲು, ಆಸಿಡ್ ಬಿದ್ದರೆ ಮೇಲ್ಮೈ ತಿಂದು ಬಿಳಿ ಕಲೆ ಉಳಿಯುತ್ತದೆ. ಒರಟು ಫಿನಿಶ್‌ನ ಗ್ರಾನೈಟ್‌ಗೆ ಈ ಭಯ ಕಡಿಮೆ.

ನಿಜ ಹೇಳಬೇಕೆಂದರೆ, ನಾನು ನೋಡಿದ ಯುಟಿಲಿಟಿಗಳಲ್ಲಿ ಟೈಲ್ಸ್ ಸವೆದು ಹಾಳಾದದ್ದು ಕಡಿಮೆ, ಕೆಲಸ ಕೆಟ್ಟು ಹಾಳಾದದ್ದೇ ಜಾಸ್ತಿ. ಮೇಸ್ತ್ರಿ ನಾಲ್ಕು ಮೂಲೆಗೆ, ನಡುವೆ ಒಂದೊಂದು ಮುದ್ದೆ ಗಾರೆ ಇಟ್ಟು ಟೈಲ್ಸ್ ಕೂರಿಸಿಬಿಡುತ್ತಾನೆ. ಕೆಳಗೆ ಪೊಳ್ಳು. ಮೇಲೆ 60–70 ಕೆಜಿ ತೂಗುವ ಮಷಿನ್ ಸ್ಪಿನ್ ಆಗುವಾಗ ನಡುಗುತ್ತದೆ, ಒಂದು ದಿನ ಟೈಲ್ಸ್ ಬಿರುಕು. ಅಂಟು ಇಡೀ ತಳಕ್ಕೆ ಹರಡಿಸಿ. ಒಣಗಿದ ಮೇಲೆ ನಾಣ್ಯದಿಂದ ತಟ್ಟಿ ನೋಡಿ. ಡಬ್ ಡಬ್ ಅಂದರೆ ಕಿತ್ತು ಮತ್ತೆ ಹಾಕಿಸಿ, ದಾಕ್ಷಿಣ್ಯ ಬೇಡ.

ವಾಟ 8 ಅಡಿಗೆ ಒಂದಿಂಚಾದರೂ ಇರಲಿ. ಅಡುಗೆಮನೆ ನೆಲಕ್ಕಿಂತ ಯುಟಿಲಿಟಿ ಒಂದಿಂಚು ತಗ್ಗಿರಬೇಕು. ಟೈಲ್ಸ್‌ಗೆ ಮೊದಲು ವಾಟರ್‌ಪ್ರೂಫಿಂಗ್ ಮಾಡಿಸಿ, ಟ್ರ್ಯಾಪ್ ಮುಚ್ಚಿ ಒಂದು ದಿನ ನೀರು ನಿಲ್ಲಿಸಿ ನೋಡಿ.

ಪ್ರಶ್ನೆ: ಜಾಯಿಂಟ್‌ಗೆ ಬಿಳಿ ಸಿಮೆಂಟ್ ಸಾಕು ಅಂತಾನೆ ಮೇಸ್ತ್ರಿ.

ಉತ್ತರ: ಬೇಡ. ಕೊಳೆ ಹಿಡಿದು ಕಪ್ಪಾಗುತ್ತದೆ, ಆಮೇಲೆ ನೀವು ಆಸಿಡ್ ಹಾಕಿ ಉಜ್ಜುತ್ತೀರಿ, ಸಿಮೆಂಟ್ ಕರಗಿ ನೀರು ಕೆಳಗಿಳಿಯುತ್ತದೆ. ಸ್ಪೇಸರ್ ಇಟ್ಟು 2–3 ಮಿಲಿಮೀಟರ್ ಸಂದು ಬಿಡಿಸಿ, ರಾಳದಿಂದ ಮಾಡಿದ ಎಪಾಕ್ಸಿ ಗ್ರೌಟ್ ತುಂಬಿಸಿ. ದುಬಾರಿಯೇ, ಆದರೆ 40 ಚದರಡಿಗೆ ಎಷ್ಟು ಮಹಾ ಬೇಕು?

ಇನ್ನೊಬ್ಬರ ಪ್ರಶ್ನೆ: ನಮ್ಮದು ಅಪಾರ್ಟ್‌ಮೆಂಟ್ ಸರ್. ಯುಟಿಲಿಟಿಯ ಹಳೇ ಟೈಲ್ಸ್ ಮೇಲೆ ಮರದಂತೆ ಕಾಣುವ ಲ್ಯಾಮಿನೇಟ್ ಹಾಕಬಹುದಾ?

ಉತ್ತರ: ಬೆಡ್‌ರೂಮಿಗೆ ಹಾಕಿ, ಇಲ್ಲಿ ಬೇಡ. ಸಂದಿನಲ್ಲಿ ನೀರು ಇಳಿದರೆ ಊದಿಕೊಳ್ಳುತ್ತದೆ. ಹಳೇ ಟೈಲ್ಸ್ ಗಟ್ಟಿಯಾಗಿದ್ದರೆ ಜಾಯಿಂಟ್ ಕೆರೆಸಿ ಎಪಾಕ್ಸಿ ತುಂಬಿಸಿ, ಮಷಿನ್ ಕಾಲಿಗೆ ರಬ್ಬರ್ ಪ್ಯಾಡ್ ಕೊಡಿ. ಅಷ್ಟೇ ಖರ್ಚು.