ಮಗು "ಹೆದರೆನು" ಎಂಬುದನ್ನು "ಹೆದರುವೆನು" ಎಂದು ಓದಿದರೆ

ದುಬೈಯಿಂದ ಪ್ರಶ್ನೆ: ಮಕ್ಕಳಿಬ್ಬರು, ಒಂಬತ್ತು ವರ್ಷ ಮತ್ತು ಐದು ವರ್ಷ. ಉಡುಪಿಯಲ್ಲಿರುವ ಅಜ್ಜಿಯ ಜೊತೆ ವಿಡಿಯೋ ಕಾಲ್‌ನಲ್ಲಿ ಕನ್ನಡ ಬೈಬಲಿನ ಕೀರ್ತನೆ ಓದಿಸಬೇಕು ಅಂತ ಉಂಟು. ದೊಡ್ಡವನಿಗೆ ಅಕ್ಷರ ಬರುತ್ತದೆ, ಓದುವುದು ನಿಧಾನ. ಎಲ್ಲಿಂದ ಶುರು ಮಾಡುವುದು?

ಮಂಗಳೂರಿನಿಂದ ಉತ್ತರ: ಅಕ್ಕ, ಮೊದಲು ಅಜ್ಜಿಯ ಕೈಯಲ್ಲಿರುವುದು ಯಾವ ಅನುವಾದ ಎಂದು ಕೇಳಿಕೊಳ್ಳಿ, ಫೋನಿನಲ್ಲೂ ಅದನ್ನೇ ಇಳಿಸಿಕೊಳ್ಳಿ. ಅವರು ಹಳೆಯ ಸತ್ಯವೇದದಲ್ಲಿ, ಅಂದರೆ ಹಳೆ ಕನ್ನಡ ಬೈಬಲಿನಲ್ಲಿ, ದೇವರ ಹೆಸರನ್ನು "ಯೆಹೋವನು" ಎಂದು ಓದುತ್ತಿರುವಾಗ ಹುಡುಗನ ಮೊಬೈಲಿನಲ್ಲಿ ಬೇರೆಯೇ ವಾಕ್ಯ ಇದ್ದರೆ ಎರಡನೇ ದಿನಕ್ಕೇ ಆಸಕ್ತಿ ಹೋಗುತ್ತದೆ. ಕಥೊಲಿಕ ಮನೆಯಾದರೆ ಅಲ್ಲಿ "ಸರ್ವೇಶ್ವರ", "ಪ್ರಭು" ಎಂದಿರುತ್ತದೆ. ಎರಡೂ ಒಳ್ಳೆಯದೇ, ಬೆರೆಸಬೇಡಿ ಅಷ್ಟೇ.

ಶುರುವಿಗೆ 117ನೇ ಕೀರ್ತನೆ. ಎರಡೇ ವಚನ, ಇಡೀ ಬೈಬಲಿನಲ್ಲಿ ಅತಿ ಚಿಕ್ಕ ಅಧ್ಯಾಯ. ಒಂದು ವಾರ ಅದೇ ಇರಲಿ. ಆಮೇಲೆ ಐದು ವಚನದ 100, ಆರು ವಚನದ 23, ಮತ್ತೆ 150. ಹುಮ್ಮಸ್ಸಿನಲ್ಲಿ 119ಕ್ಕೆ ಕೈ ಹಾಕಬೇಡಿ, ಅದರಲ್ಲಿ 176 ವಚನ ಉಂಟು.

23ರಲ್ಲಿ ಮಕ್ಕಳು ತಪ್ಪದೆ ಎಡವುವ ಜಾಗ ಎರಡು. "ಕೇಡಿಗೆ ಹೆದರೆನು" ಎಂದಿರುವುದನ್ನು ಅವರು "ಹೆದರುವೆನು" ಎಂದು ಓದುತ್ತಾರೆ. ನಡುವೆ ಒಂದು "ವೆ" ಸೇರಿತು, ಅರ್ಥ ತಲೆಕೆಳಗಾಯಿತು. ಹಳಗಾಲದ ಬರವಣಿಗೆಯಲ್ಲಿ ಧಾತುವಿಗೆ ನೇರ "ಎನು" ಹತ್ತಿದರೆ ನಿಷೇಧ: ಮಾಡೆನು ಎಂದರೆ ಮಾಡುವುದಿಲ್ಲ. ಇಂಟರ್ನೆಟ್ಟಿನಲ್ಲಿ ಕನ್ನಡ ಕಲಿತ ಮಗುವಿಗೆ "ಇಲ್ಲ" ಕಾಣದಿದ್ದರೆ ನಿಷೇಧ ಹೊಳೆಯುವುದೇ ಇಲ್ಲ. "ಕೊರತೆಪಡೆನು" ಇನ್ನೂ ಕಷ್ಟ, ಏಕೆಂದರೆ ಅದು "ಪಡೆದೆನು" ಎಂಬ ಹಾಗೆ ಕೇಳಿಸುತ್ತದೆ. ಕೊರತೆಯನ್ನು ಪಡೆದುಕೊಂಡೆ ಎಂದು ದೇವರಿಗೆ ಸ್ತೋತ್ರ ಹೇಳಿದಂತಾಯಿತು! ವ್ಯಾಕರಣ ಬಿಡಿಸಲು ಹೋಗಬೇಡಿ. "ಹೆದರೆನು ಅಂದ್ರೆ ಹೆದರುವುದಿಲ್ಲ, ಕೊರತೆಪಡೆನು ಅಂದ್ರೆ ನನಗೆ ಏನೂ ಕಮ್ಮಿ ಆಗುವುದಿಲ್ಲ" ಎಂದು ಮನೆಮಾತಿನಲ್ಲಿ ಒಮ್ಮೆ ಹೇಳಿ, ಮರುದಿನ ಅವನಿಂದಲೇ ಹೇಳಿಸಿ.

"ಹೆದರೆನು" ಇರುವ ವಚನದಲ್ಲೇ ದೊಣ್ಣೆ, ಕೋಲು ಧೈರ್ಯ ಕೊಡುತ್ತವೆ ಎಂದು ಬರುತ್ತದೆ. ದೊಣ್ಣೆ ಕಂಡರೆ ಧೈರ್ಯ ಹೇಗೆ ಎಂದು ಹುಡುಗ ಕೇಳದಿದ್ದರೆ ಓದಿದ್ದು ತಲೆಗೆ ಹೋಗಲಿಲ್ಲ ಎಂದೇ ತಿಳಿಯಿರಿ. ದೊಣ್ಣೆ ಇರುವುದು ಕಾಡುಮೃಗಕ್ಕೆ, ಕುರಿಗಲ್ಲ. ಕೋಲು ಕುರಿಯನ್ನು ದಾರಿಗೆ ತರಲು. ನಮ್ಮ ಕರಾವಳಿಯಲ್ಲಿ ಕುರಿಮಂದೆ ಕಾಣಸಿಗುವುದು ಅಪರೂಪ, ಹಾಗಾಗಿ ಅಜ್ಜಿಯೂ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ.

150ರಲ್ಲಿ ಮೋಜು ಜಾಸ್ತಿ. ಕೊಂಬು, ಸ್ವರಮಂಡಲ, ಕಿನ್ನರಿ, ದಮ್ಮಡಿ, ತಂತಿವಾದ್ಯ, ಕೊಳಲು, ತಾಳ ಎಲ್ಲ ಸಾಲಾಗಿ ಬರುತ್ತವೆ. ಊರಿನ ಉತ್ಸವದಲ್ಲಿ ಊದುವ ಕೊಂಬಿನ ಚಿತ್ರ ತೋರಿಸಬಹುದು. ಇಸ್ರಾಯೇಲರದ್ದು ಟಗರಿನ ಕೊಂಬು ಎಂಬ ವ್ಯತ್ಯಾಸ ಹೇಳಿದರಾಯಿತು. ಹಳೆ ಅನುವಾದದ ಆರಂಭದಲ್ಲಿ "ಯಾಹುವಿಗೆ ಸ್ತೋತ್ರ" ಎಂದಿದೆ. ಮಕ್ಕಳು ನಗುತ್ತಾರೆ, ನಗಲಿ. ಹಲ್ಲೆಲೂಯಾ ಎಂಬ ಹೀಬ್ರೂ ಮಾತಿನ ಕನ್ನಡವೇ ಅದು: "ಹಲ್ಲೆಲೂ" ಎಂದರೆ ಸ್ತುತಿಸಿರಿ, ಕೊನೆಯ "ಯಾಹ್" ದೇವರ ಹೆಸರಿನ ಕಿರುರೂಪ. "ಇರುವದು" ಎಂಬ ಕಾಗುಣಿತ ನೋಡಿ ಅಚ್ಚಿನ ತಪ್ಪು ಎಂದುಕೊಳ್ಳಬೇಡಿ, ಅದು ಹಳೆ ರೂಢಿ. ಪೂರ್ತಿ ಕನ್ನಡ ಬೈಬಲು ಬಳ್ಳಾರಿಯಲ್ಲಿ 1831ರಲ್ಲೇ ಮುಗಿದದ್ದು.

ಈಗ ಓದುವ ಕ್ರಮ. ವಿಡಿಯೋ ಕಾಲ್‌ನಲ್ಲಿ ಎಲ್ಲರೂ ಒಟ್ಟಿಗೆ ಓದಲು ಹೋಗಬೇಡಿ. ಧ್ವನಿ ಅರ್ಧ ಸೆಕೆಂಡ್ ತಡವಾದರೂ ಸಾಕು, ಒಬ್ಬರು "ಸ್ತುತಿಸಿರಿ" ಮುಗಿಸುವಾಗ ಇನ್ನೊಬ್ಬರು ಶುರು ಮಾಡಿರುತ್ತಾರೆ. ಕೀರ್ತನೆಗಳ ವಚನ ಸಾಮಾನ್ಯವಾಗಿ ಎರಡು ತುಂಡು, ಮೊದಲ ಅರ್ಧ ಹೇಳಿದ್ದನ್ನೇ ಎರಡನೆಯದು ಬೇರೆ ಮಾತಿನಲ್ಲಿ ಹೇಳುತ್ತದೆ. ಆದ್ದರಿಂದ ಮೊದಲರ್ಧ ಅಜ್ಜಿಗೆ, ಉಳಿದರ್ಧ ಹುಡುಗನಿಗೆ. ತನಗೆ ಗೊತ್ತಿಲ್ಲದ ಶಬ್ದದ ಅರ್ಥ ಅಜ್ಜಿಯ ಅರ್ಧದಿಂದಲೇ ಅವನಿಗೆ ಅರ್ಧ ಸಿಕ್ಕಿರುತ್ತದೆ. ಓದಿಗೆ ನಾಲ್ಕು ನಿಮಿಷ. ಆಮೇಲೆ ಒಂದೇ ಪ್ರಶ್ನೆ: ಈ ದಿನ ಯಾವುದಕ್ಕೆ ಸ್ತೋತ್ರ ಹೇಳೋಣ? ಕೊನೆಗೆ "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂಬ ಪ್ರಾರ್ಥನೆ. ಹತ್ತು ನಿಮಿಷ ದಾಟಿಸಬೇಡಿ.

ಓದುವ ನಡುವೆ ಉಚ್ಚಾರ ತಿದ್ದಬಾರದು. ತಿದ್ದಿದ ಕ್ಷಣ ಅದು ಪ್ರಾರ್ಥನೆಯಾಗಿ ಉಳಿಯುವುದಿಲ್ಲ, ಪರೀಕ್ಷೆಯಾಗುತ್ತದೆ. ಲ ಮತ್ತು ಳ ಶನಿವಾರ ಮಧ್ಯಾಹ್ನ ನೋಡಿಕೊಳ್ಳಿ. ರೋಮನ್ ಅಕ್ಷರದಲ್ಲಿ ಬರೆದುಕೊಡುವುದಂತೂ ಬೇಡವೇ ಬೇಡ: "ಕೊಂಡಾಡು" ಎಂಬುದರಲ್ಲಿ ಅದು ಡ ಅಥವಾ ದ, ಹ್ರಸ್ವ ಅಥವಾ ದೀರ್ಘ ಎಂದು ಯಾರಿಗೂ ತಿಳಿಯುವುದಿಲ್ಲ.

ಶಾಲೆಯಲ್ಲಿ ಪೆಟ್ಟು ತಿಂದು ಅಥವಾ ಗೆಳೆಯರ ಜೊತೆ ಜಗಳ ಮಾಡಿ ಬಂದ ದಿನ ಬಲವಂತದಿಂದ ಸ್ತೋತ್ರ ಹೇಳಿಸಬೇಡಿ. ಆ ದಿನಕ್ಕೆ 13ನೇ ಕೀರ್ತನೆ ಉಂಟು, ಆರೇ ವಚನ: "ಎಷ್ಟರವರೆಗೆ" ಎಂಬ ದೂರಿನಿಂದ ಶುರುವಾಗಿ ಹಾಡಿನಲ್ಲಿ ಮುಗಿಯುತ್ತದೆ. ದೇವರ ಮುಂದೆ ದೂರುವುದೂ ವಿಶ್ವಾಸವೇ ಎಂದು ಮಗುವಿಗೆ ಸಣ್ಣದರಲ್ಲೇ ತಿಳಿಯುವುದು ಒಳ್ಳೆಯದು.

ಲಂಡನ್ನಿನಿಂದ: ಉಡುಪಿಯ ಸಂಜೆ 7:30ರ ಪ್ರಾರ್ಥನೆ ದುಬೈಗೆ ವರ್ಷವಿಡೀ 6 ಗಂಟೆ, ನಿಮಗೆ ಸುಲಭ. ನಮಗೆ ಚಳಿಗಾಲದಲ್ಲಿ ಮಧ್ಯಾಹ್ನ 2, ಬೇಸಿಗೆಯಲ್ಲಿ 3, ಮಕ್ಕಳು ಶಾಲೆಯಲ್ಲಿ. ಹಾಗಾಗಿ ಇಲ್ಲಿನವರಿಗೆ ಶನಿವಾರ, ಭಾನುವಾರ ಮಾತ್ರ ಆಗುವುದು. ಗಡಿಯಾರ ಬದಲಾಗುವ ಮಾರ್ಚ್ ಮತ್ತು ಅಕ್ಟೋಬರ್ ಕೊನೆಯಲ್ಲಿ ಅಜ್ಜಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಅವರು ಬೈಬಲು ತೆರೆದು ಒಂದು ಗಂಟೆ ಕಾಯುತ್ತಾರೆ.

ಅಬುಧಾಬಿಯಿಂದ: ಕೊಂಕಣಿ ಕಥೊಲಿಕ ಮನೆಗಳಿಗೆ ಒಂದು ಮಾತು. ತೇರ್ಸ್ (ಜಪಮಾಲೆ ಪ್ರಾರ್ಥನೆ) ಇದ್ದೇ ಇರುತ್ತದೆ, ಅದರ ಮೇಲೆ ಹೊಸ ಕೀರ್ತನೆ ಹುಡುಕಬೇಡಿ. ಆ ಭಾನುವಾರದ ಪೂಜೆಯಲ್ಲಿ ಬೈಬಲ್ ವಾಚನಗಳ ನಡುವೆ ಹಾಡುವ ಪ್ರತಿವಾಚನ ಕೀರ್ತನೆಯನ್ನೇ ವಾರವಿಡೀ ಇಟ್ಟುಕೊಳ್ಳಿ. ವಾಚನಗಳ ಮೂರು ವರ್ಷದ ಸರದಿ ನಮ್ಮ ಕ್ರಮದ ಇಗರ್ಜಿಗಳಲ್ಲಿ ಎಲ್ಲೆಡೆ ಹೆಚ್ಚುಕಡಿಮೆ ಒಂದೇ, ಆದ್ದರಿಂದ ಇಲ್ಲಿ ಇಂಗ್ಲಿಷಿನಲ್ಲಿ ಕೇಳಿದ್ದೇ ಊರಿನ ಇಗರ್ಜಿಯಲ್ಲೂ ಹಾಡಿರುತ್ತಾರೆ. ಅಜ್ಜಿ, ಮೊಮ್ಮಗ ಇಬ್ಬರಿಗೂ ಅದು ಮೊದಲೇ ಗೊತ್ತಿರುತ್ತದೆ.

ದುಬೈಯಿಂದ: ಐದು ವರ್ಷದವಳಿಗೆ ಅಕ್ಷರವೇ ಬರುವುದಿಲ್ಲವಲ್ಲ?

ಮಂಗಳೂರಿನಿಂದ: ಅವಳಿಗೆ 136ನೇ ಕೀರ್ತನೆ. ಇಪ್ಪತ್ತಾರು ವಚನ, ಪ್ರತಿಯೊಂದರ ಕೊನೆಗೂ ದೇವರ ಕೃಪೆ ಶಾಶ್ವತ ಎಂಬ ಅದೇ ಪಲ್ಲವಿ. ಮೊದಲ ಒಂಬತ್ತು ವಚನ ಸಾಕು, ಸೂರ್ಯ, ಚಂದ್ರ, ನಕ್ಷತ್ರದವರೆಗೆ. ಆಮೇಲಿನ ಐಗುಪ್ತದ (ಈಜಿಪ್ಟಿನ) ಸಂಗತಿ ದೊಡ್ಡವಳಾದ ಮೇಲೆ. ಅಣ್ಣ ವಚನ ಓದಲಿ, ಪಲ್ಲವಿ ಮಾತ್ರ ಅವಳಿಗೇ ಬಿಡಿ. ನಾಲ್ಕನೇ ಸಲಕ್ಕೆ ಕಿರುಚಿಯೇ ಹೇಳುತ್ತಾಳೆ. ಫೋನನ್ನು ಸ್ವಲ್ಪ ದೂರ ಇಡಿ ಮಾರಾಯ್ರೆ.